ಐದು ವೋಲ್ಟಿನ ಆಕಾಶಬುಟ್ಟಿ

ಹೋದ ವರ್ಷದ ದೀಪಾವಳಿಗೆ ನಮ್ಮ ಮನೆಯ ಆಕಾಶಬುಟ್ಟಿ ಎರಡನೇ ದಿನಕ್ಕೇ ಕೆಳಗಿಳಿಯಿತು. ಭಾಲ್ಕಿ ತಾಲೂಕಿನ ನಮ್ಮೂರಲ್ಲಿ ಅದಕ್ಕೆ ಕಂದೀಲು ಅಂತಲೂ ಅಂತಾರೆ. ಅಂಗಡಿಯಿಂದ ತಂದ ಬಣ್ಣದ ಕಾಗದದ ಬುಟ್ಟಿ, ಒಳಗೊಂದು ಜೀರೋ ಬಲ್ಬು, ಹೋಲ್ಡರಿನಿಂದ ಪಡಸಾಲೆಯ ಪ್ಲಗ್ಗಿನವರೆಗೆ ಮೂರು ಕಡೆ ಜೋಡಿಸಿದ ವೈರು. ಜೋಡಿಸಿದವನು ನಾನೇ. ಮೂರನೇ ಜೋಡಣೆಗೆ ಬರುವಷ್ಟರಲ್ಲಿ ಟೇಪು ಮುಗಿದಿತ್ತು, ನಾಳೆ ಸುತ್ತಿದರಾಯ್ತು ಅಂತ ಬಿಟ್ಟೆ. ಮರುದಿನ ಸಂಜೆ ಹನಿ ಮಳೆ ಬಂತು. ಬುಟ್ಟಿ ನೆನೀತದ ಅಂತ ನನ್ನ ತಮ್ಮ ಸ್ಟೂಲ್ ಹತ್ತಿ ಅದನ್ನು ಒಳಗೆ ಸರಿಸೋಕೆ ಹೋದ. ಕೈ ತಾಗಿದ್ದು ಆ ಮೂರನೇ ಜೋಡಣೆಗೆ.

ಏನೂ ಆಗಲಿಲ್ಲ. ಕಟ್ಟಿಗೆಯ ಸ್ಟೂಲು, ತಾಗಿದ್ದು ಬೆರಳ ತುದಿ ಮಾತ್ರ, ಕೈ ತಾನೇ ಕಿತ್ತುಕೊಂಡಿತು. ಕೆಳಗೆ ಬಿದ್ದು ಮೊಣಕಾಲು ಕೆತ್ತಿಕೊಂಡ, ಅಷ್ಟೇ. ಆದರೆ ಆಯಿ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಬೀದರದಾಗ ಇಂಜಿನಿಯರಿಂಗ್ ಓದ್ತಾನಂತ. ಮನೀಗೊಂದು ದೀಪ ಹಚ್ಲಾಕ ಬರಲ್ಲೇನು ಇವಂಗ?"

ಆ ಸೆಮಿಸ್ಟರಿನಲ್ಲಿ ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿತ್ತು ಅನ್ನೋದನ್ನು ನಾನು ಹೇಳಲಿಲ್ಲ.

ಈ ಲೇಖನ ಆ ಪ್ರಶ್ನೆಗೆ ಉತ್ತರ. ಈ ಸಲ ನಾನು ಮಾಡಿದ ಬುಟ್ಟಿಯ ವಿವರ ಇಲ್ಲಿದೆ. ನೀವೂ ಹಾಸ್ಟೆಲ್ ರೂಮಿನಲ್ಲೋ ಮನೆಯಲ್ಲೋ ಎರಡು ಸಂಜೆಯಲ್ಲಿ ಮಾಡಬಹುದು. ಮೊದಲು ಒಂದು ಚಿಕ್ಕ ಲೆಕ್ಕ.

ಒಣಗಿದ ಚರ್ಮದ ರೆಸಿಸ್ಟೆನ್ಸ್ ಸಾವಿರಾರು ಓಮ್ ಇರುತ್ತೆ. ಕೈ ಒದ್ದೆಯಾದರೆ ಅದು ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟನ್ನು 1000ದಿಂದ ಭಾಗಿಸಿ: 230 ಮಿಲಿಆಂಪ್. ಮನೆಗೆ ಹಾಕಿಸುವ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿದರೆ ಟ್ರಿಪ್ ಆಗಬೇಕು ಅಂತ ಯಾಕೆ ಇಟ್ಟಿದ್ದಾರೆ ಅಂದ್ರೆ, ಅದಕ್ಕಿಂತ ಹೆಚ್ಚಾಗಿ, ಹೆಚ್ಚು ಹೊತ್ತು ಹರಿದರೆ ಎದೆಬಡಿತದ ಲಯವೇ ತಪ್ಪಬಹುದು. ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ. ಈಗ ಅದೇ ಒದ್ದೆ ಕೈಗೆ 5 ವೋಲ್ಟ್ ಕೊಡಿ: 5 ಮಿಲಿಆಂಪ್. ಚುರುಕ್ ಅಂದರೆ ಅನ್ನಬಹುದು, ಕೈ ಹಿಡಿದು ಬಿಡದಂತೆ ಮಾಡುವಷ್ಟಲ್ಲ. ನಾನು ಈಗ ಹೇಳಹೊರಟಿರುವ ದೀಪ ಒಟ್ಟು 66 ಮಿಲಿಆಂಪ್ ಎಳೆಯುತ್ತೆ. ಆ ಕರೆಂಟು ಎಲ್‌ಇಡಿ ಒಳಗೆ ಹರಿದರೆ ಬೆಳಕು, ಮೈಯೊಳಗೆ ಹರಿದರೆ ಅಪಾಯ. ಆದರೆ 5 ವೋಲ್ಟಿಗೆ ಅದನ್ನು ಮೈಯೊಳಗೆ ತಳ್ಳುವ ತಾಕತ್ತಿಲ್ಲ. ಓಮ್‌ನ ನಿಯಮವನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇನೋ, ತಮ್ಮನ ಕೈಗೆ ಅದನ್ನು ಹಚ್ಚಿ ನೋಡಿದ್ದು ಅದೇ ಮೊದಲು.

ಹಾಗಾಗಿ ಮೊದಲ ತೀರ್ಮಾನ: ಮನೆಯ ಹೊರಗೆ 5 ವೋಲ್ಟಿಗಿಂತ ಹೆಚ್ಚು ಹೋಗಕೂಡದು. ಹಳೇ ಮೊಬೈಲ್ ಚಾರ್ಜರ್ ಸಾಕು. ಅದು ಒಳಗೆ, ಮಳೆ ತಾಗದ ಪ್ಲಗ್ಗಿನಲ್ಲಿ ಇರಬೇಕು. ಹೊರಗೆ ಬರೋದು ಅದರ ಸಣ್ಣ ವೈರು ಮಾತ್ರ. ಚಾರ್ಜರ್ ಯಾವುದಾದರೂ ನಡೆಯುತ್ತೆ ಅಂದುಕೊಳ್ಳಬೇಡಿ. ಫುಟ್‌ಪಾತಿನಲ್ಲಿ ಮಾರುವ, ಬಿಐಎಸ್ ಗುರುತೇ ಇಲ್ಲದ ಚಾರ್ಜರಿನ ಒಳಗೆ 230ಕ್ಕೂ 5ಕ್ಕೂ ನಡುವೆ ಇರಬೇಕಾದ ಅಂತರ ಸರಿಯಾಗಿ ಇರುತ್ತೆ ಅನ್ನೋ ಭರವಸೆ ಇಲ್ಲ. ಫೋನ್ ಜೊತೆಗೆ ಬಂದ ಹಳೆಯದು ಇದ್ದರೆ ಅದನ್ನೇ ಬಳಸಿ.

ಇನ್ನು ಬುಟ್ಟಿಯ ಮೈ. ನನಗೆ ಬಣ್ಣದ ಕಾಗದ ಬೇಡವಾಗಿತ್ತು. ಬೀದರಿನಲ್ಲಿ ಮೂರು ವರ್ಷ ಇದ್ದು, ಚೌಬಾರದ ಸುತ್ತಿನ ಓಣಿಗಳಲ್ಲಿ ಓಡಾಡಿ, ಬಿದ್ರಿ ಕೆಲಸ ನೋಡಿದವರಿಗೆ ಕಪ್ಪು ಅಂದ್ರೆ ಏನು ಅನ್ನೋದು ಬೇರೆಯೇ ಥರ ಕಾಣುತ್ತೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ತಾಮ್ರ ಒಂದು ಪಾಲು, ಸತು ಹದಿನಾರು ಪಾಲು ಅನ್ನೋದು ಸಾಮಾನ್ಯ ಲೆಕ್ಕ. ಆಗ ಅದರ ಬಣ್ಣ ಬೂದು. ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಉಳಿಯಿಂದ ಹೂ ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಉಜ್ಜಿದಾಗ ಬೂದು ಲೋಹದ ಮೇಲೆ ಬೆಳ್ಳಿ ಸರಿಯಾಗಿ ಕಾಣೋದೇ ಇಲ್ಲ. ಕೊನೆಗೆ ಬೀದರ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ಬಿಸಿ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಲೋಹ ಗಾಢ ಕಪ್ಪಾಗುತ್ತೆ, ಬೆಳ್ಳಿಗೆ ಏನೂ ಆಗೋದಿಲ್ಲ. ಯಾವ ಮಣ್ಣು ಸರಿ ಅಂತ ನಾಲಿಗೆಗೆ ಹಚ್ಚಿ ನೋಡಿ ಹೇಳುವವರಿದ್ದಾರೆ. 2006ರಲ್ಲಿ ಈ ಕಲೆಗೆ ಜಿಐ ಮಾನ್ಯತೆ ಸಿಕ್ಕಿತು, 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲೂ ಇದೇ ಜೋಡಿ ನೋಡಿದ್ದೀರಿ: ಕಪ್ಪು ಕಲ್ಲು, ಅದರೊಳಗೆ ಮುತ್ತಿನ ಚಿಪ್ಪು.

ಕಪ್ಪು ಕಾರ್ಡ್‌ಶೀಟಿನಲ್ಲಿ ಹೂ ಬಳ್ಳಿ ಕತ್ತರಿಸಿ ಹಿಂದಿನಿಂದ ಬೆಳಕು ಬಿಟ್ಟರೆ ಬೆಳ್ಳಿಯ ಜಾಗದಲ್ಲಿ ಬೆಳಕು ಕೂರುತ್ತೆ. ಐಡಿಯಾ ಇಷ್ಟೇ. ಬಿದ್ರಿ ಕೆಲಸಗಾರರ ಮುಂದೆ ಇದು ಮಕ್ಕಳಾಟ, ಗೊತ್ತು. ಆದರೆ ಕೈ ಹಾಕಿದ ಮೇಲೆ ಒಂದು ವಿಷಯ ತಿಳಿಯಿತು. ಬಿದ್ರಿಯಲ್ಲಿ ಹೂವಿನ ಎಸಳು ಒಂದಕ್ಕೊಂದು ತಾಗದೆ ಬೇರೆ ಬೇರೆ ಇರಬಹುದು, ಬಳ್ಳಿಯ ಸುತ್ತು ಪೂರ್ತಿ ಮುಚ್ಚಿಕೊಳ್ಳಬಹುದು. ಕಾಗದದಲ್ಲಿ ಒಂದು ಸುತ್ತನ್ನು ಪೂರ್ತಿ ಕತ್ತರಿಸಿದಿರೋ, ಒಳಗಿನ ಕಪ್ಪು ಚೂರು ಕಳಚಿ ನೆಲಕ್ಕೆ ಬೀಳುತ್ತೆ. ಕಪ್ಪು ಭಾಗವೆಲ್ಲ ಎಲ್ಲೋ ಒಂದು ಕಡೆ ಒಂದಕ್ಕೊಂದು ಹಿಡಿದುಕೊಂಡಿರಬೇಕು. ಹಾಗಾಗಿ ಪ್ರತಿ ಸುತ್ತಿನಲ್ಲೂ 3 ಮಿಲಿಮೀಟರಿನ ಸೇತುವೆ ಬಿಡಿ. ನನ್ನ ಮೊದಲ ಎರಡು ಹಾಳೆ ಇದರಲ್ಲೇ ಹೋದವು.

12 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಆರು ಹಾಳೆ ಮಾಡಿದೆ. ಹಿಂದೆ ಬಟರ್ ಪೇಪರ್ ಅಂಟಿಸಿ, ಆರನ್ನೂ ಬಿದಿರಿನ ಕಡ್ಡಿಯ ಚೌಕಟ್ಟಿಗೆ ಕಟ್ಟಿದರೆ ಆರು ಮುಖದ ಬುಟ್ಟಿ. ಕೆಳಗೆ ಬಾಲಂಗೋಚಿ ನಿಮ್ಮಿಷ್ಟ. ಮೇಲ್ಭಾಗಕ್ಕೆ ಮಳೆ ಹನಿ ಇಳಿಯದಂತೆ ಹಳೇ ಫೈಲಿನ ಪ್ಲಾಸ್ಟಿಕ್ ಮುಚ್ಚಿದೆ.

ಈಗ ಒಳಗಿನ ಬೆಳಕು. ಇಲ್ಲಿ ನಾನು ಮೂರು ಸಲ ಸೋತೆ. ಮೂರನ್ನೂ ಹೇಳಿಬಿಡ್ತೀನಿ, ಪಾಠ ಇರೋದು ಅಲ್ಲೇ.

ಮೊದಲ ಸಲ ಮೂರು ಬಿಳಿ ಎಲ್‌ಇಡಿ, ಮೂರು ಕೆಂಪು ಎಲ್‌ಇಡಿ ತಂದು, ಎಲ್ಲವನ್ನೂ ಪಕ್ಕಪಕ್ಕ ಪ್ಯಾರಲಲ್ ಜೋಡಿಸಿ, ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದೆ. ಆರರ ಬದಲು ಒಂದೇ ಹಾಕಿದರೆ ಬೆಸುಗೆ ಕಡಿಮೆ, ಅಲ್ವಾ? ಚಾಲೂ ಮಾಡಿದರೆ ಕೆಂಪು ಮಾತ್ರ ಹತ್ತಿತು. ಬಿಳಿ ಸತ್ತಿದೆ ಅಂತ ಅಂಗಡಿಗೆ ವಾಪಸ್ ಒಯ್ದೆ. ಅಂಗಡಿಯವರು ಒಂದೊಂದಾಗಿ ಹಚ್ಚಿ ತೋರಿಸಿದರು, ಮೂರೂ ಚೆನ್ನಾಗಿದ್ದವು.

ಕಾರಣ ಇಷ್ಟು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೆ ಹತ್ತುತ್ತೆ. ಬಿಳಿ ಎಲ್‌ಇಡಿ ನಿಜಕ್ಕೂ ಬಿಳಿಯಲ್ಲ. ಒಳಗಿರೋದು ನೀಲಿ ಚಿಪ್, ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ನೀಲಿ ಬೆಳಕಿನ ಫೋಟಾನಿಗೆ ಕೆಂಪಿಗಿಂತ ಹೆಚ್ಚು ಶಕ್ತಿ ಬೇಕು, ಆದ್ದರಿಂದ ಅದಕ್ಕೆ 3 ವೋಲ್ಟಿಗೂ ಸ್ವಲ್ಪ ಮೇಲೆ ಬೇಕು. (ಆ ನೀಲಿ ಎಲ್‌ಇಡಿ ಮಾಡೋಕೆ ಎಷ್ಟು ಕಷ್ಟವಾಯಿತೆಂದರೆ, ಅದಕ್ಕಾಗಿ ಅಕಾಸಾಕಿ, ಅಮಾನೋ, ನಕಾಮುರಾ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು.) ಪ್ಯಾರಲಲ್‌ನಲ್ಲಿ ಎಲ್ಲಕ್ಕೂ ಒಂದೇ ವೋಲ್ಟೇಜ್. ಕೆಂಪು 2 ವೋಲ್ಟಿಗೇ ಕರೆಂಟನ್ನೆಲ್ಲ ಎಳೆದುಕೊಂಡು ಗಂಟನ್ನು ಅಲ್ಲೇ ಹಿಡಿದಿಟ್ಟಿತು. ಬಿಳಿಯ ಸರದಿ ಬರಲೇ ಇಲ್ಲ. ಒಂದೇ ಬಣ್ಣದವನ್ನು ಹಾಕಿದರೂ ಎರಡು ಎಲ್‌ಇಡಿ ತದ್ರೂಪು ಇರೋದಿಲ್ಲ, ಸ್ವಲ್ಪ ಕಡಿಮೆ ವೋಲ್ಟಿನದು ಹೆಚ್ಚು ಕುಡಿಯುತ್ತೆ. ಆದ್ದರಿಂದ ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್. ಇದರಲ್ಲಿ ಜಿಪುಣತನ ಬೇಡ.

ಕೆಂಪನ್ನು ಬಿಟ್ಟು ಆರೂ ವಾರ್ಮ್ ವೈಟ್ ತಗೊಂಡೆ. ಸಂಜೆ ತಾನೇ ಹತ್ತಿ ಬೆಳಿಗ್ಗೆ ತಾನೇ ಆರಬೇಕು ಅನ್ನೋದು ನನ್ನ ಆಸೆ. ಯಾಕಂದ್ರೆ ನಾನು ರಜೆ ಮುಗಿಸಿ ಬೀದರಿಗೆ ಬಂದ ಮೇಲೂ ಅದು ಕಾರ್ತಿಕ ಹುಣ್ಣಿಮೆಯವರೆಗೆ ಉರಿಯಬೇಕು, ಮನೆಯಲ್ಲಿ ಯಾರೂ ವೈರು ಮುಟ್ಟಬಾರದು. ಅದಕ್ಕೆ ಎಲ್‌ಡಿಆರ್. ಬೆಳಕಿದ್ದರೆ ಅದರ ರೆಸಿಸ್ಟೆನ್ಸ್ ಕಡಿಮೆ, ಕತ್ತಲಾದರೆ ಹೆಚ್ಚು. ಸಂಜೆಯ ಮಬ್ಬಿನಲ್ಲಿ ನನ್ನ ಮಲ್ಟಿಮೀಟರ್ 15 ಕಿಲೋಓಮ್ ಆಸುಪಾಸು ತೋರಿಸಿತು, ಮಧ್ಯಾಹ್ನ ಅಂಗಳದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ನೀವು ತಂದ ಎಲ್‌ಡಿಆರನ್ನು ನೀವೇ ಅಳೆಯಿರಿ, ಅದೇ ಈ ಇಡೀ ಕೆಲಸದ ಮುಖ್ಯ ಅಳತೆ.

ಎರಡನೇ ಸಲ ಒಂದೇ ಬಿಸಿ547 ಟ್ರಾನ್ಸಿಸ್ಟರ್ ಹಾಕಿದೆ. ಬೇಸಿನಿಂದ 5 ವೋಲ್ಟಿಗೆ 10 ಕಿಲೋಓಮ್, ಬೇಸಿನಿಂದ ಗ್ರೌಂಡಿಗೆ ಎಲ್‌ಡಿಆರ್. ದೀಪ ಮಧ್ಯಾಹ್ನ ಮೂರಕ್ಕೇ ಪಡಸಾಲೆಯ ನೆರಳಿನಲ್ಲಿ ಹತ್ತಿಕೊಂಡಿತು. ಬೇಸಿಗೆ 0.7 ವೋಲ್ಟ್ ಸಿಕ್ಕರೆ ಟ್ರಾನ್ಸಿಸ್ಟರ್ ತೆರೆಯುತ್ತೆ. 10 ಕಿಲೋಓಮ್ ಇಟ್ಟಾಗ ಎಲ್‌ಡಿಆರ್ 1.6 ಕಿಲೋಓಮ್ ತಲುಪಿದರೆ ಸಾಕು, ಅಷ್ಟು ಆಗೋದು ಮಾಮೂಲಿ ನೆರಳಿನಲ್ಲೇ. ಸರಿ, 10ರ ಬದಲು 100 ಕಿಲೋಓಮ್ ಹಾಕಿದೆ. ಈಗ ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಹತ್ತಿತು, ಆದರೆ ಮಿಣುಕು ಹುಳದ ಹಾಗೆ. ಲೆಕ್ಕ ಹಾಕಿ: ಬೇಸಿಗೆ ಸಿಗೋದು (5 − 0.7) ಭಾಗಿಸು 100 ಕಿಲೋಓಮ್, ಅಂದ್ರೆ 43 ಮೈಕ್ರೋಆಂಪ್. ಗೇನ್ 200 ಅಂದರೂ ಕಲೆಕ್ಟರಿನಲ್ಲಿ 8.6 ಮಿಲಿಆಂಪ್. ಅದನ್ನು ಆರು ಎಲ್‌ಇಡಿ ಹಂಚಿಕೊಂಡರೆ ಒಂದೊಂದಕ್ಕೆ ಒಂದೂವರೆ ಮಿಲಿಆಂಪ್ ಕೂಡ ಇಲ್ಲ. ರೆಸಿಸ್ಟರ್ ಸಣ್ಣದಾದರೆ ಹೊತ್ತು ತಪ್ಪುತ್ತೆ, ದೊಡ್ಡದಾದರೆ ಹೊಟ್ಟೆಗೆ ಸಾಲದು. ವೈವಾದಲ್ಲಿ ಡಾರ್ಲಿಂಗ್ಟನ್ ಜೋಡಿ ಯಾಕೆ ಬೇಕು ಅಂತ ಕೇಳಿದಾಗ "ಹೈ ಗೇನ್ ಸರ್" ಅಂತ ಉರು ಹೊಡೆದಿದ್ದೆ. ಯಾಕೆ ಬೇಕು ಅಂತ ಗೊತ್ತಾಗಿದ್ದು ಆ ರಾತ್ರಿ.

ಬೆಲ್ ಲ್ಯಾಬ್ಸ್‌ನ ಸಿಡ್ನಿ ಡಾರ್ಲಿಂಗ್ಟನ್ 1953ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಮೊದಲ ಟ್ರಾನ್ಸಿಸ್ಟರಿನ ಎಮಿಟರನ್ನು ಎರಡನೆಯದರ ಬೇಸಿಗೆ ಕೊಡಿ, ಎರಡರ ಕಲೆಕ್ಟರನ್ನೂ ಒಂದಾಗಿಸಿ. ಗೇನ್ ಗೇನಿಗೆ ಗುಣಾಕಾರವಾಗುತ್ತೆ. ಮೊದಲನೆಯದು ಬಿಸಿ547, ಎರಡನೆಯದು ನಮ್ಮ ಲ್ಯಾಬಿನಲ್ಲೆಲ್ಲ ಇರುವ ಎಸ್‌ಎಲ್100. ಬಿಸಿ547 ಗರಿಷ್ಠ 100 ಮಿಲಿಆಂಪ್‌ನದು. ಹೊರೆ ಹೊರುವ ಜಾಗದಲ್ಲಿ ಗಟ್ಟಿಯಾದದ್ದೇ ಇರಲಿ. ಎಸ್‌ಎಲ್100 ಸಿಗದಿದ್ದರೆ 2ಎನ್2222.

ಜೋಡಿಯಾದಾಗ ಎರಡು ಸಂಗತಿ ಬದಲಾಗುತ್ತೆ. ಬೇಸಿಗೆ ಈಗ 0.7 ಅಲ್ಲ, ಸುಮಾರು 1.2 ವೋಲ್ಟ್ ಬೇಕು. 47 ಕಿಲೋಓಮ್ ಇಟ್ಟರೆ ಎಲ್‌ಡಿಆರ್ 15 ಕಿಲೋಓಮ್ ಹತ್ತಿರ ಬಂದಾಗ ಅಷ್ಟು ಸಿಗುತ್ತೆ, ಅಂದ್ರೆ ನಾನು ಅಳೆದ ಸಂಜೆಯ ಮಬ್ಬು. ಎರಡನೆಯದು, ಜೋಡಿ ಪೂರ್ತಿ ತೆರೆದಾಗಲೂ ಅದರ ಮೇಲೆ 0.8 ವೋಲ್ಟ್ ಉಳಿದುಹೋಗುತ್ತೆ. ಇದನ್ನು ಮರೆತರೆ ಎಲ್‌ಇಡಿಯ ಲೆಕ್ಕ ತಪ್ಪುತ್ತೆ. 5ರಲ್ಲಿ ಎಲ್‌ಇಡಿಗೆ 3.1, ಜೋಡಿಗೆ 0.8 ಕಳೆದರೆ ಉಳಿಯೋದು 1.1 ವೋಲ್ಟ್. 100 ಓಮ್ ಹಾಕಿದರೆ 11 ಮಿಲಿಆಂಪ್. ಆರಕ್ಕೆ 66.

ಕೂಡಿಸುವ ಕ್ರಮ ಹೀಗೆ. ಚಾರ್ಜರ್ ಕೇಬಲ್ ಕತ್ತರಿಸಿದರೆ ಕೆಂಪು ವೈರು ಪ್ಲಸ್, ಕಪ್ಪು ಮೈನಸ್. ಅಗ್ಗದ ಕೇಬಲಿನಲ್ಲಿ ಬಣ್ಣ ನಂಬಬೇಡಿ, ಮೀಟರಿನಿಂದ ನೋಡಿ. ಉಳಿದ ಎರಡು ಡೇಟಾ ವೈರನ್ನು ಬೇರೆ ಬೇರೆ ಟೇಪ್ ಸುತ್ತಿ ಮಡಚಿ. ಆರೂ ಎಲ್‌ಇಡಿಯ ಉದ್ದ ಕಾಲು ಪ್ಲಸ್ಸಿಗೆ. ಪ್ರತಿ ಗಿಡ್ಡ ಕಾಲಿಗೆ ಒಂದು 100 ಓಮ್ (ಕಂದು, ಕಪ್ಪು, ಕಂದು), ಅವುಗಳ ಇನ್ನೊಂದು ತುದಿಯೆಲ್ಲ ಸೇರಿ ಎರಡು ಕಲೆಕ್ಟರಿಗೆ. ಎಸ್‌ಎಲ್100ರ ಎಮಿಟರ್ ಮೈನಸ್ಸಿಗೆ; ಲೋಹದ ಟೋಪಿಯ ಮೇಲಿನ ಚಿಕ್ಕ ಕಿವಿ ಇರೋ ಕಡೆಯ ಕಾಲೇ ಎಮಿಟರ್. ಅದರ ಟೋಪಿ ಒಳಗಿನಿಂದ ಕಲೆಕ್ಟರಿಗೆ ಕೂಡಿರುತ್ತೆ, ಬೇರೆ ತಂತಿಗೆ ತಾಗಿಸಬೇಡಿ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ಕಾಲು ಕೆಳಗೆ ಮಾಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದರ ಎಮಿಟರ್ ಎಸ್‌ಎಲ್100ರ ಬೇಸಿಗೆ. ಅದರ ಬೇಸಿನಿಂದ ಪ್ಲಸ್ಸಿಗೆ 47 ಕಿಲೋಓಮ್ (ಹಳದಿ, ನೇರಳೆ, ಕಿತ್ತಳೆ), ಮೈನಸ್ಸಿಗೆ ಎಲ್‌ಡಿಆರ್. ಮೊದಲು ಬ್ರೆಡ್‌ಬೋರ್ಡಿನಲ್ಲಿ ನೋಡಿ, ಆಮೇಲೆ ಬೆಸುಗೆ. ಮತ್ತು ದಯವಿಟ್ಟು ಪ್ರತಿ ಜೋಡಣೆಗೂ ಟೇಪ್ ಅಥವಾ ಸ್ಲೀವ್ ಇರಲಿ, ಐದೇ ವೋಲ್ಟ್ ಆದರೂ.

ಮೂರನೇ ಸೋಲು ಬುಟ್ಟಿ ಕಟ್ಟಿದ ಮೇಲೆ. ಎಲ್‌ಡಿಆರನ್ನು ಬುಟ್ಟಿಯ ಒಳಗೇ ಇಟ್ಟಿದ್ದೆ. ಕತ್ತಲಾಯಿತು, ದೀಪ ಹತ್ತಿತು, ಆ ಬೆಳಕು ಎಲ್‌ಡಿಆರ್ ಮೇಲೆ ಬಿತ್ತು, ಬೆಳಗಾಯಿತು ಅಂದುಕೊಂಡು ದೀಪವನ್ನು ತಗ್ಗಿಸಿತು. ಪೂರ್ತಿ ಉರಿಯೋದೂ ಇಲ್ಲ, ಪೂರ್ತಿ ಆರೋದೂ ಇಲ್ಲ. ಕಂಟ್ರೋಲ್ ಸಿಸ್ಟಮ್ಸ್ ಓದುವವರು ಇದನ್ನು ನೆಗೆಟಿವ್ ಫೀಡ್‌ಬ್ಯಾಕ್ ಅಂತ ಕೂಡಲೇ ಗುರುತಿಸುತ್ತೀರಿ. ನನಗೆ ಅರ್ಧ ಗಂಟೆ ಹಿಡಿಯಿತು. ಎಲ್‌ಡಿಆರನ್ನು ಮೇಲಿನ ಮುಚ್ಚಳದ ಹೊರಗೆ, ಕಪ್ಪು ಟೇಪ್ ಸುತ್ತಿದ ಪೆನ್ನಿನ ಕೊಳವೆಯ ತಳದಲ್ಲಿ ಕೂರಿಸಿ, ಬಾಯಿ ಅಂಗಳದ ಆಕಾಶದ ಕಡೆ ತಿರುಗಿಸಿದೆ. ಬೀದಿ ದೀಪ ಇದ್ದರೆ ಅದಕ್ಕೆ ಬೆನ್ನು ಮಾಡಿ.

ಇನ್ನೊಂದು ಚಿಕ್ಕದು. 5 ಮಿಲಿಮೀಟರಿನ ಪಾರದರ್ಶಕ ಎಲ್‌ಇಡಿ ಟಾರ್ಚಿನ ಹಾಗೆ ಒಂದೇ ಕಡೆ ಬೆಳಕು ಬಿಡುತ್ತೆ, ಬಟರ್ ಪೇಪರ್ ಮೇಲೆ ಆರು ಚುಕ್ಕಿ ಕಾಣುತ್ತೆ. ಅದರ ತಲೆಯನ್ನು ನುಣುಪು ಉಪ್ಪುಕಾಗದದಲ್ಲಿ ಉಜ್ಜಿ ಮಬ್ಬು ಮಾಡಿ, ನಡುವೆ ಬಿಳಿ ಕಾಗದದ ಶಂಕು ಇಟ್ಟು, ಎಲ್‌ಇಡಿಗಳ ಮುಖ ಅದರ ಕಡೆ ತಿರುಗಿಸಿದರೆ ಬೆಳಕು ಹರಡಿ ಬಳ್ಳಿಯ ತುದಿಯವರೆಗೂ ಮುಟ್ಟುತ್ತೆ.

ಜೀರೋ ಬಲ್ಬು ಅಂದ್ರೆ ಸೊನ್ನೆ ವ್ಯಾಟ್ ಅಂದುಕೊಂಡವರಿಗೆ: ಅದು 15 ವ್ಯಾಟ್ ಹತ್ತಿರ ತಿನ್ನುತ್ತೆ. ರಾತ್ರಿ 12 ಗಂಟೆ ಉರಿಸಿದರೆ ತಿಂಗಳಿಗೆ ಐದು ಯೂನಿಟ್ ದಾಟುತ್ತೆ, ಹೆಚ್ಚಿನದು ಬಿಸಿಯಾಗಿ ಕಾಗದಕ್ಕೆ. ಈ ದೀಪ ಮೂರನೇ ಒಂದು ವ್ಯಾಟ್. ಚಾರ್ಜರಿನ ನಷ್ಟ ಬಿಟ್ಟರೆ ತಿಂಗಳಿಗೆ 0.12 ಯೂನಿಟ್.

ಔರಾದ ತಾಲೂಕಿನ ನನ್ನ ರೂಮ್‌ಮೇಟ್ ಇದನ್ನು ನೋಡಿ ತಮ್ಮ ಹೊಲದ ಮನೆಗೂ ಒಂದು ಬೇಕು ಅಂದ. ಅಲ್ಲಿ ಪಡಸಾಲೆಯಲ್ಲಿ ಪ್ಲಗ್ಗಿಲ್ಲ, ಕರೆಂಟು ಬಂದಾಗ ಬಂತು. ಪವರ್‌ಬ್ಯಾಂಕ್ ಹಾಕಿದೆವು, ಅರ್ಧ ನಿಮಿಷಕ್ಕೇ ಆರಿತು. ಇಷ್ಟು ಕಡಿಮೆ ಕರೆಂಟು ಎಳೆದರೆ ಎಷ್ಟೋ ಪವರ್‌ಬ್ಯಾಂಕುಗಳು ಫೋನು ತೆಗೆದರು ಅಂದುಕೊಂಡು ತಾವೇ ಬಂದ್ ಆಗುತ್ತವೆ. ಕೊನೆಗೆ 2000 ಮಿಲಿಆಂಪ್-ಅವರಿನ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಸಾಲಾಗಿ ಹಾಕಿದೆವು, 4.8 ವೋಲ್ಟ್. ಎಲ್‌ಇಡಿಗೆ 9 ಮಿಲಿಆಂಪ್, ಒಟ್ಟು 54. ಕಾಗದದ ಮೇಲೆ 37 ಗಂಟೆ. ಆದರೆ ಎಲ್‌ಡಿಆರ್ ಬೆಳಗಿನವರೆಗೂ ಉರಿಸುತ್ತೆ, ಅಂದ್ರೆ ಮೂರು ರಾತ್ರಿಗೆ ಖಾಲಿ. ದೀಪಾವಳಿ ಐದು ದಿನ. ಪ್ಲಸ್ ವೈರಿನಲ್ಲಿ ಒಂದು ಚಿಕ್ಕ ಸ್ವಿಚ್ ಕೂರಿಸಿ, ಮಲಗುವ ಮುಂಚೆ ಆರಿಸಿ ಅಂತ ಅವರ ಅವ್ವನಿಗೆ ಹೇಳಿ ಬಂದ. ಪಾಡ್ಯದ ರಾತ್ರಿಯೂ ಉರೀತಿತ್ತಂತೆ, ಸ್ವಲ್ಪ ಕೆಂಪಗೆ ಅಂದ. ಬಿಳಿ ಎಲ್‌ಇಡಿ ಕೆಂಪಗಾಗೋದಿಲ್ಲ, ಮಂದ ಆಗಿರಬೇಕು ಅಂತ ನಾನು ವಾದ ಮಾಡಿದೆ. ಅದು ಇನ್ನೂ ಮುಗಿದಿಲ್ಲ.

ನಮ್ಮ ಮನೆಯದನ್ನು ನೀರು ತುಂಬುವ ಹಬ್ಬದ ದಿನ ಕಟ್ಟಿದೆ. ಕಟ್ಟುವಾಗ ಸ್ಟೂಲ್ ಹಿಡಿದುಕೊಂಡವನು ತಮ್ಮ. ಕೈ ತಾಗಿಸು ಅಂದೆ, ಒಲ್ಲೆ ಅಂದ. ಒದ್ದೆ ಬೆರಳಲ್ಲಿ ನಾನೇ ಪ್ಲಸ್, ಮೈನಸ್ ಎರಡನ್ನೂ ಹಿಡಿದು ತೋರಿಸಿದ ಮೇಲೆ ಅವನೂ ಹಿಡಿದ. ಆರೂವರೆ ಸುಮಾರಿಗೆ ನಾವೆಲ್ಲ ಒಳಗೆ ಆರತಿ ತಟ್ಟೆ ಹುಡುಕುತ್ತಿದ್ದಾಗ ಹೊರಗಿನಿಂದ ಆಯಿ ಕೂಗಿದಳು: "ದೀಪ ಯಾರ್ ಹಚ್ಚೀರಿ?" ಯಾರೂ ಹಚ್ಚಿಲ್ಲ, ಕತ್ತಲಾಯ್ತು ಅಂತ ತಾನೇ ಹತ್ತದ ಅಂದೆ. ಆಕೆ ನಂಬಲಿಲ್ಲ. ಪೆನ್ನಿನ ಕೊಳವೆ ತೋರಿಸಿ, ಬೆಳಕು ಇಲ್ಲಿಂದ ಒಳಗೆ ಹೋಗ್ತದ, ಮುಚ್ಚಿದ್ರ ಕತ್ಲಿ ಅಂತ ತಿಳ್ಕೋತದ ಅಂತ ಹೇಳಿದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿ ಕೈಗೆಟಕುವಷ್ಟು ಕೆಳಗೆ ಇಳಿದಿತ್ತು. ಆಯಿ ತಮ್ಮನ ಕಡೆಯಿಂದ ಹಗ್ಗ ಸಡಿಲ ಮಾಡಿಸಿದ್ದಳು. ಹಾಲು ಹಾಕೋಕೆ ಬಂದವರ ಮುಂದೆ ಕೊಳವೆಯ ಬಾಯಿಗೆ ಹೆಬ್ಬೆರಳು ಇಟ್ಟು ಹತ್ತಿಸೋದು, ತೆಗೆದು ಆರಿಸೋದು ನಡೆದಿತ್ತು.